ಚಿತ್ರ ತಪಸ್ವಿ ಕೆ. ವೆಂಕಟಪ್ಪ

ನಮ್ಮ ನಾಡಿನ ಹೆಸರಾಂತ ಚಿತ್ರಕಾರರಲ್ಲಿ ಕೆ. ವೆಂಕಟಪ್ಪನವರು ಒಬ್ಬರು. ನಮ್ಮ ಶಾಲೆಯಲ್ಲಿ ಚಿತ್ರ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇವರ ಹೆಸರು ಕೇಳಿದವರು ಕಡಿಮೆ. ನಾನೂ ಕೇಳಿರಲಿಲ್ಲ. ಹೋದ ತಿಂಗಳು ಶಿವಮೊಗ್ಗದಲ್ಲಿ ಚಿತ್ರ ಬರೆಯುವ ಸ್ಪರ್ಧೆಗೆ ಹೋಗಿ ಸೋತು ಬಂದಾಗ ನಮ್ಮ ಮೇಷ್ಟ್ರು ಇವರ ವಿಷಯ ಹೇಳಿದರು.

ಸ್ಪರ್ಧೆಯಲ್ಲಿ ಒಂದು ತಾಮ್ರದ ಬಿಂದಿಗೆ ಇಟ್ಟು ಅದನ್ನು ನೋಡಿ ಬರೆಯಿರಿ ಅಂದರು. ಮೊದಲು ನಡುಗೆರೆ ಎಳೆಯಬೇಕು, ಎತ್ತರ ಅಗಲ ಅಳೆಯಬೇಕು, ಕೊನೆಗೆ ಶೇಡಿಂಗ್ ಮಾಡಬೇಕು. ಇದೆಲ್ಲ ನನಗೆ ಬಾಯಿಪಾಠ ಬರುತ್ತಿತ್ತು. ಆದರೆ ಪಕ್ಕದ ಹುಡುಗನ ಶೇಡಿಂಗ್ ನೋಡಿ ನಾನೂ ಶೇಡಿಂಗೇ ಶುರು ಮಾಡಿಬಿಟ್ಟೆ. ಬಿಂದಿಗೆ ಒಂದು ಕಡೆ ವಾಲಿತು. ರಬ್ಬರಿನಲ್ಲಿ ಉಜ್ಜಿ ಉಜ್ಜಿ ಹಾಳೆಯೇ ಹರಿಯಿತು. ಬಸ್ಸಿನಲ್ಲಿ ಬರುವಾಗ ಅಳು ಬಂತು. ಗೊತ್ತಿದ್ದದ್ದು ಬೇಕಾದಾಗ ನೆನಪಿಗೆ ಬರದಿದ್ದರೆ ಏನು ಪ್ರಯೋಜನ? ಅದಕ್ಕೇ ಎಲ್ಲರಿಗೂ ಉಪಯೋಗ ಆಗಲಿ ಅಂತ ವೆಂಕಟಪ್ಪನವರ ಜೀವನವನ್ನು ಬರೆಯುತ್ತಿದ್ದೇನೆ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರದು ಚಿತ್ರಗಾರರ ಮನೆತನ. ಅರಮನೆಗೆ ಚಿತ್ರ ಬರೆದುಕೊಡುವುದು ಅವರ ಮನೆಯ ಕಸುಬು. ಹೀಗಾಗಿ ಚಿಕ್ಕಂದಿನಿಂದಲೇ ಬಣ್ಣ, ಕುಂಚಗಳ ಮಧ್ಯೆ ಬೆಳೆದರು. ಆಗ ಮೈಸೂರಿನ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿದ್ದೂ ಇವರ ಕಾಲದಲ್ಲೇ. ಮಹಾರಾಜರು ವೆಂಕಟಪ್ಪನವರ ಕೈಚಳಕ ಮೆಚ್ಚಿ, 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿದರು.

ಕಲ್ಕತ್ತೆಯಲ್ಲಿ ಅವರಿಗೆ ಗುರುಗಳಾಗಿ ಸಿಕ್ಕಿದವರು ಅವನೀಂದ್ರನಾಥ ಟಾಗೋರರು. ಇವರು ಕವಿ ರವೀಂದ್ರನಾಥ ಟಾಗೋರರ ಚಿಕ್ಕಪ್ಪನ ಮೊಮ್ಮಗ. ಜೊತೆಯಲ್ಲಿ ಕಲಿತವರು ನಂದಲಾಲ್ ಬೋಸರು. ನಮ್ಮ ಭಾರತದ ಸಂವಿಧಾನವನ್ನು ಮೊದಲು ಕೈಯಲ್ಲೇ ಬರೆದಿದ್ದರು. ನಮ್ಮ ಗೋಡೆ ಪತ್ರಿಕೆ ಹಾಗೆ! ಅದರ ಹಾಳೆಗಳಿಗೆ ಚಿತ್ರದ ಅಲಂಕಾರ ಮಾಡಿದವರು ಇದೇ ನಂದಲಾಲರು ಮತ್ತು ಅವರ ಶಿಷ್ಯರು.

ಗುರುಗಳು 1914ರಲ್ಲಿ ಒಂದು ಚಿಕ್ಕ ಪುಸ್ತಕ ಹೊರತಂದರು. ಭಾರತದ ಹಳೆಯ ಶಿಲ್ಪಗಳಲ್ಲಿ ಮನುಷ್ಯರ ಮೈಕಟ್ಟನ್ನು ಯಾವ ನಿಯಮದಿಂದ ಮಾಡಿದ್ದಾರೆ ಎಂಬುದೇ ಅದರ ವಿಷಯ. ಅದಕ್ಕೆ ಗೆರೆಚಿತ್ರಗಳನ್ನು ಬರೆದುಕೊಟ್ಟವರು ನಂದಲಾಲರು ಮತ್ತು ನಮ್ಮ ವೆಂಕಟಪ್ಪನವರು. ಅದರಲ್ಲಿರುವ ನಿಯಮಗಳು ತುಂಬಾ ಮಜವಾಗಿವೆ. ಇಡೀ ಆಳನ್ನು ಒಂಬತ್ತು ಸಮ ಪಾಲು ಮಾಡಬೇಕು. ಹಣೆಯಿಂದ ಗದ್ದದವರೆಗೆ ಒಂದು ಪಾಲು. ಇದಕ್ಕೆ ತಾಳ ಅಂತ ಹೆಸರು. ಇನ್ನು ಆಕಾರಗಳಿಗೆ ಹೋಲಿಕೆ ಕೊಟ್ಟಿದ್ದಾರೆ. ಮುಖ ಅಂದ್ರೆ ಕೋಳಿಮೊಟ್ಟೆ ಅಥವಾ ವೀಳ್ಯದೆಲೆ. ಹುಬ್ಬು ಬೇವಿನ ಎಲೆ. ಕಣ್ಣು ಮೀನು. ಮೂಗು ಎಳ್ಳಿನ ಹೂವು. ತುಟಿ ತೊಂಡೆಹಣ್ಣು. ಗದ್ದ ಮಾವಿನ ವಾಟೆ. ಕತ್ತು ಶಂಖ. ಬೆರಳು ಹುರುಳಿಕಾಯಿ. ಮೊಣಕಾಲು ಅಂದ್ರೆ ಏಡಿ!

ಮೇಷ್ಟ್ರು ಇದನ್ನು ಹೇಳಿದಾಗ ಇಡೀ ತರಗತಿ ನಕ್ಕಿತು. ಆದರೆ ಒಂದು ಸಲ ಕೇಳಿದ್ದಕ್ಕೇ ಎಲ್ಲರಿಗೂ ನೆನಪುಳಿಯಿತು. ಏಡಿ ಯಾರಿಗೆ ಗೊತ್ತಿಲ್ಲ? ನಮ್ಮ ಗದ್ದೆ ಬದುವಿನಲ್ಲೇ ಇರುತ್ತೆ. ಹಿಂದಿನವರು ಬುದ್ಧಿವಂತರು. ನಿಯಮವನ್ನು ಪುಸ್ತಕದಲ್ಲಿ ಇಡದೆ ತೋಟದಲ್ಲಿ, ಅಡುಗೆಮನೆಯಲ್ಲಿ ಇಟ್ಟಿದ್ದರು. ಕೈ ಬರೆಯುವಾಗ ಕಣ್ಣಿಗೆ ತಾನಾಗಿ ಬರಲಿ ಅಂತ. ಹಾಗಂತ ಈ ನಿಯಮಗಳು ಕಾಲಿಗೆ ಕಟ್ಟಿದ ಸಂಕೋಲೆ ಅಲ್ಲ ಅಂತಲೂ ಅವನೀಂದ್ರನಾಥರು ಅದೇ ಪುಸ್ತಕದಲ್ಲಿ ತಿಳಿಸಿದ್ದಾರೆ. ಕಲಿಯುವಾಗ ಬೇಕು, ಕಲಿತು ಬಲಿತ ಮೇಲೆ ಅವುಗಳನ್ನು ದಾಟಿಯೂ ಹೋಗಬಹುದು.

1916ರಲ್ಲಿ ವೆಂಕಟಪ್ಪನವರು ಮೈಸೂರಿಗೆ ವಾಪಸ್ಸು ಬಂದರು. ಆಗ ಒಂದು ವಿಚಿತ್ರ ನಡೆಯಿತು. ಅವರಿಗೆ ವೀಣೆಯ ಹುಚ್ಚು ಹಿಡಿಯಿತು. ಅರಮನೆಯ ದೊಡ್ಡ ವಿದ್ವಾಂಸರಾದ ವೀಣೆ ಶೇಷಣ್ಣನವರ ಹತ್ತಿರ ಕಲಿಯಲು ಸೇರಿದರು. ಅವರು ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಹಿಡಿದರೆ ಪೂರ್ತಿ ಹಿಡಿಯುವವರು. ವೀಣೆಯ ಸಾಧನೆ ಶುರುವಾದ ಮೇಲೆ ಚಿತ್ರ ಬರೆಯುವುದು ಹಿಂದೆ ಬಿತ್ತು. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಆಯಿತು. ಒಳಗೇ ಎಷ್ಟು ಎಳೆದಾಟ ಆಗಿರಬೇಕು! ಕೊನೆಗೆ ಆ ವೀಣೆಯ ಹುಚ್ಚನ್ನೇ ಒಂದು ಚಿತ್ರವಾಗಿ ಬರೆದರು. ಮನಸ್ಸು ಎಲ್ಲಿ ಹೋಗಿತ್ತೋ ಅದನ್ನೇ ಕಾಗದದ ಮೇಲೆ ತಂದು ಕೂರಿಸಿದರು.

ಆಮೇಲೆ ಅವರು ಊಟಿ ಮತ್ತು ಕೊಡೈಕೆನಾಲಿಗೆ ಹೋಗಿ ಬೆಟ್ಟ, ಕೆರೆ, ಮಂಜು, ಮೋಡಗಳ ಚಿತ್ರ ಬರೆದರು. ಎಲ್ಲಾ ಜಲವರ್ಣ. 1926ರಲ್ಲಿ ಊಟಿಯ ಮುಂಗಾರು ಮೋಡ ಒಡೆದು ಬೆಳಕು ಬೀಳುವುದನ್ನು ಬರೆದ ಚಿತ್ರ ತುಂಬಾ ಹೆಸರಾಗಿದೆ. ಮಳೆಗಾಲದ ಮೋಡ ಹೇಗೆ ಅಂತ ನಮ್ಮ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಒಂದು ನಿಮಿಷ ಇದ್ದ ಹಾಗೆ ಇನ್ನೊಂದು ನಿಮಿಷ ಇರುವುದಿಲ್ಲ. ಜಲವರ್ಣಕ್ಕೆ ರಬ್ಬರೂ ಇಲ್ಲ. ಮನಸ್ಸು ಒಂದು ಗಳಿಗೆ ಆಚೀಚೆ ಹೋದರೂ ಮೋಡವೂ ಹೋಯಿತು, ಹಾಳೆಯೂ ಹೋಯಿತು.

ಮೈಸೂರು ಅರಮನೆಗಾಗಿ ಪ್ಲಾಸ್ಟರಿನಲ್ಲಿ ಉಬ್ಬುಚಿತ್ರಗಳನ್ನೂ ಮಾಡಿದರು. ಶಕುಂತಲೆ ಆಶ್ರಮ ಬಿಟ್ಟು ಹೊರಡುವ ದೃಶ್ಯ ಅದರಲ್ಲಿ ಒಂದು. ಅವರು ಮದುವೆ ಆಗಲಿಲ್ಲ. ಸರಳವಾಗಿ, ಕಟ್ಟುನಿಟ್ಟಾಗಿ ಬದುಕಿದರು. ನಿಧಾನವಾಗಿ ಕೆಲಸ ಮಾಡುತ್ತಿದ್ದರು. ಬರೆದದ್ದು ಕಡಿಮೆ, ಆದರೆ ಬರೆದದ್ದೆಲ್ಲ ಅಪರಂಜಿ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಸರೆ ತಪ್ಪಿದ ವೆಂಕಟಪ್ಪನವರು ಮೈಸೂರು ಬಿಟ್ಟು ಬೆಂಗಳೂರು ಸೇರಿದರು. 1965ರಲ್ಲಿ ನಿಧನರಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ. ನಮ್ಮ ಸರ್ಕಾರ ಒಳ್ಳೆಯ ಕಲಾವಿದರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ಹೋದ ಭಾನುವಾರ ಅಪ್ಪನ ಜೊತೆ ಭದ್ರಾವತಿ ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋಗಿದ್ದೆ. ಅದು ಹೊಯ್ಸಳರ ಕಾಲದ್ದು. ಬೇಕಂತಲೇ ರಬ್ಬರನ್ನು ಮನೆಯಲ್ಲಿ ಬಿಟ್ಟು ಹೋಗಿದ್ದೆ. ಗೋಡೆಯ ಒಂದು ಶಿಲ್ಪದ ಮುಂದೆ ಕೂತು ಮೊದಲು ತಾಳ ಗುರುತು ಮಾಡಿದೆ. ಆಮೇಲೆ ಕಾಲು ಬರೆದೆ. ಮೊಣಕಾಲಿಗೆ ಬಂದಾಗ ಏಡಿ ತಾನಾಗಿಯೇ ನೆನಪಿಗೆ ಬಂತು. ಅಪ್ಪ ಎರಡು ಸಲ ಕರೆದರಂತೆ, ನನಗೆ ಕೇಳಿಸಲೇ ಇಲ್ಲ. ಒಂದು ಗಂಟೆಯಲ್ಲಿ ಬರೆದದ್ದು ಒಂದೇ ಕಾಲು. ಆದರೆ ಅದು ವಾಲಿಲ್ಲ. ಆ ಹಾಳೆಯನ್ನು ಇದರ ಕೆಳಗೇ ಅಂಟಿಸಿದ್ದೇನೆ, ನೋಡಿ.

ಗೆಳೆಯ ಗೆಳತಿಯರೇ, ನೀವೂ ಚಿತ್ರ ಬರೆಯುವಾಗ ಪಕ್ಕದವರ ಹಾಳೆ ನೋಡಬೇಡಿ. ಮುಂದಿರುವ ವಸ್ತು ನೋಡಿ. ಮೊದಲು ಅಳತೆ, ಆಮೇಲೆ ಆಕಾರ, ಕೊನೆಗೆ ಶೇಡಿಂಗ್. ಒಂದು ಸಲಕ್ಕೆ ಒಂದೇ. ವೆಂಕಟಪ್ಪನವರಷ್ಟು ದೊಡ್ಡವರಾಗದಿದ್ದರೂ ನಮ್ಮ ಬಿಂದಿಗೆಯಾದರೂ ನೆಟ್ಟಗೆ ನಿಲ್ಲುತ್ತದೆ.

– 7ನೇ ತರಗತಿ