ದೂರದಿಂದ ದೋಣಿ ನಡೆಸಿದ ನಿಕೋಲಾ ಟೆಸ್ಲಾ

ಕೈಯಲ್ಲೊಂದು ಸಣ್ಣ ಪೆಟ್ಟಿಗೆಯನ್ನು ಹಿಡಿದು, ದೂರದಲ್ಲಿರುವ ಆಟದ ಬಂಡಿಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು ಇಂದು ನಮಗೆ ಸೋಜಿಗವಲ್ಲ. ನಮ್ಮಲ್ಲಿ ಕೆಲವರು ಸರ್ವೋ ಮೋಟಾರುಗಳನ್ನು ಜೋಡಿಸಿ ಯಂತ್ರಮಾನವನ ಕೈಕಾಲುಗಳನ್ನು ಆಡಿಸಲೂ ಕಲಿತಿದ್ದೇವೆ. ಈ ವಿದ್ಯೆಗೆ ಹಾದಿ ತೋರಿದವರಲ್ಲಿ ನಿಕೋಲಾ ಟೆಸ್ಲಾ ಅಗ್ರಗಣ್ಯನು.

ಟೆಸ್ಲಾ 1856ನೆಯ ಇಸವಿ ಜುಲೈ 10ರಂದು, ಈಗಿನ ಕ್ರೊಯೇಷಿಯಾ ದೇಶಕ್ಕೆ ಸೇರಿದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಕ್ರೈಸ್ತ ಪಾದ್ರಿ. ತಾಯಿ ಶಾಲೆಯಲ್ಲಿ ಕಲಿತವಳಲ್ಲ. ಆದರೂ ಮನೆಗೆಲಸಕ್ಕೆ ಬೇಕಾದ ಸಲಕರಣೆಗಳನ್ನು ತಾನೇ ಕಲ್ಪಿಸಿ ಮಾಡಿಕೊಳ್ಳುವ ಜಾಣೆ. ತನ್ನ ಕಲ್ಪನಾಶಕ್ತಿಯು ತಾಯಿಯಿಂದಲೇ ಬಂದುದೆಂದು ಟೆಸ್ಲಾ ನಂಬಿದ್ದನು.

1884ರಲ್ಲಿ ಅವನು ನ್ಯೂಯಾರ್ಕ್ ನಗರವನ್ನು ಸೇರಿ, ಕೆಲಕಾಲ ಎಡಿಸನ್ನನ ಸಂಸ್ಥೆಯಲ್ಲಿ ದುಡಿದನು. 1888ರಲ್ಲಿ ಪರ್ಯಾಯ ವಿದ್ಯುತ್ತಿನಿಂದ ತಿರುಗುವ ಮೋಟಾರಿಗೆ ಹಕ್ಕುಪತ್ರವನ್ನು ಪಡೆದು ಕೀರ್ತಿಶಾಲಿಯಾದನು. 1895ರ ಮಾರ್ಚಿಯಲ್ಲಿ ಅವನ ಪ್ರಯೋಗಾಲಯವು ಬೆಂಕಿಗೆ ಆಹುತಿಯಾಯಿತು. ವರ್ಷಗಳ ದುಡಿಮೆ ಒಂದೇ ರಾತ್ರಿಯಲ್ಲಿ ಬೂದಿಯಾದರೂ ಅವನು ಕೈಕಟ್ಟಿ ಕೂಡಲಿಲ್ಲ. ಮತ್ತೆ ಮೊದಲಿನಿಂದ ತೊಡಗಿದನು.

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅವನು ನೀರಿನ ತೊಟ್ಟಿಯಲ್ಲಿ ಪುಟ್ಟದೊಂದು ಕಬ್ಬಿಣದ ದೋಣಿಯನ್ನು ತೇಲಿಬಿಟ್ಟನು. ತಂತಿಯಿಲ್ಲ, ಹಗ್ಗವಿಲ್ಲ, ಆದರೂ ದೋಣಿ ಅವನ ಇಚ್ಛೆಯಂತೆ ತಿರುಗಿತು, ದೀಪಗಳನ್ನು ಮಿನುಗಿಸಿತು. ನೋಡಿದವರು ಬೆರಗಾದರು. ಇದರ ಗುಟ್ಟು ಸರಳವಾದುದು. ನಿಸ್ತಂತು ಅಲೆಯು ಬಂದೊಡನೆ ದೋಣಿಯೊಳಗಿನ ಬಿಲ್ಲೆಯೊಂದು ಒಂದು ಹೆಜ್ಜೆ ತಿರುಗುತ್ತಿತ್ತು. ಅದು ನಿಂತ ಸ್ಥಾನಕ್ಕೆ ತಕ್ಕಂತೆ ಚುಕ್ಕಾಣಿಯ ಮೋಟಾರು ಎಡಕ್ಕೋ ಬಲಕ್ಕೋ ತಿರುಗುತ್ತಿತ್ತು, ಇಲ್ಲವೆ ನಿಲ್ಲುತ್ತಿತ್ತು. ಅಲೆಯು ತಂದುದು ಆಜ್ಞೆಯನ್ನು ಮಾತ್ರ. ಬಲವನ್ನು ಒದಗಿಸಿದುದು ದೋಣಿಯಲ್ಲೇ ಇದ್ದ ಬ್ಯಾಟರಿ.

ಆಜ್ಞೆ ಬೇರೆ, ಬಲ ಬೇರೆ ಎಂಬ ಈ ಪಾಠವನ್ನು ನಾವು ಮರೆಯಬಾರದು. ಇಂದು ಸರ್ವೋ ಮೋಟಾರುಗಳಿಗೆ ನಿಯಂತ್ರಕ ಬೋರ್ಡನ್ನು ಕೊಳ್ಳುವಾಗ ಅದು ಎಷ್ಟು ಮೋಟಾರುಗಳಿಗೆ ಆಜ್ಞೆ ನೀಡಬಲ್ಲದೆಂದು ಎಣಿಸಿದರೆ ಸಾಲದು. ಮೋಟಾರುಗಳಿಗೆ ಪ್ರತ್ಯೇಕ ಬ್ಯಾಟರಿಯನ್ನು ಜೋಡಿಸಲು ಅದರಲ್ಲಿ ಎಡೆಯುಂಟೇ, ಅವೆಲ್ಲವೂ ಒಮ್ಮೆಗೇ ಎಳೆಯುವ ವಿದ್ಯುತ್ತನ್ನು ಅದು ತಾಳಬಲ್ಲುದೇ ಎಂಬುದನ್ನೂ ನೋಡಬೇಕು. ಬೋರ್ಡಿನ ಆಜ್ಞಾತಂತಿಯಿಂದಲೇ ಬಲವನ್ನೂ ಬಯಸಿದರೆ ಮೋಟಾರು ನಡುಗೀತು, ಬೋರ್ಡು ಸುಟ್ಟೀತು. ಎರಡು ಬ್ಯಾಟರಿಗಳಿದ್ದರೆ ಅವುಗಳ ಋಣ ತಂತಿಗಳನ್ನು ಒಂದುಗೂಡಿಸಬೇಕು. ಇಲ್ಲದಿದ್ದರೆ ಆಜ್ಞೆಯು ಮೋಟಾರಿಗೆ ತಿಳಿಯದು.

ಟೆಸ್ಲಾನ ದೋಣಿಯನ್ನು ಕೊಳ್ಳಲು ಅಮೆರಿಕದ ನೌಕಾದಳವು ಮುಂದಾಗಲಿಲ್ಲ. ಮುಂದಿನ ದೊಡ್ಡ ಯೋಜನೆಗಳೂ ಹಣವಿಲ್ಲದೆ ನಿಂತುಹೋದವು. 1943ರ ಜನವರಿ 7ರಂದು, ತನ್ನ 86ನೆಯ ವಯಸ್ಸಿನಲ್ಲಿ, ಅವನು ನ್ಯೂಯಾರ್ಕಿನ ಹೋಟೆಲೊಂದರ ಕೋಣೆಯಲ್ಲಿ ಒಂಟಿಯಾಗಿ ತೀರಿಕೊಂಡನು. 1960ರಲ್ಲಿ ವಿಜ್ಞಾನಿಗಳು ಕಾಂತೀಯ ಅಭಿವಾಹ ಸಾಂದ್ರತೆಯ ಅಂತರರಾಷ್ಟ್ರೀಯ ಮಾನಕ್ಕೆ ಅವನ ಹೆಸರನ್ನಿಟ್ಟು ಗೌರವಿಸಿದರು. ನಮ್ಮ ಮೇಜಿನ ಮೇಲೆ ಪುಟ್ಟ ಮೋಟಾರೊಂದು ಹೇಳಿದಂತೆ ಕೇಳಿ ತಿರುಗಿದಾಗ, ಆ ತೊಟ್ಟಿಯ ದೋಣಿಯನ್ನೂ ಅದರ ಒಡೆಯನನ್ನೂ ಒಮ್ಮೆ ನೆನೆಯೋಣ.