ಬಣ್ಣದ ದೂರದರ್ಶನದ ಸಾಧಕ ಗೊನ್ಸಾಲೆಸ್ ಕಾಮರೇನಾ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ನಮಗೆಲ್ಲ ತಿಳಿದದ್ದೇ. ಆದರೆ ಮೊಳಕೆ ಕಾಣಿಸಿದ ಮಾತ್ರಕ್ಕೆ ಫಸಲು ಮನೆಗೆ ಬರುವುದಿಲ್ಲ. ನೀರು, ಗೊಬ್ಬರ, ಕಾವಲು ಎಲ್ಲವೂ ಬೇಕು. ಹರೆಯದಲ್ಲಿ ಮೊಳೆತ ಒಂದು ಹಂಬಲಕ್ಕೆ ಬಾಳಿನ ಕೊನೆಯವರೆಗೂ ನೀರೆರೆದ ಒಬ್ಬ ಮಹನೀಯರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸಬಯಸುತ್ತೇನೆ. ಅವರೇ ಮೆಕ್ಸಿಕೊ ದೇಶದ ಇಂಜಿನಿಯರ್ ಗಿಯೆರ್ಮೊ ಗೊನ್ಸಾಲೆಸ್ ಕಾಮರೇನಾ.

ಕಾಮರೇನಾ ಅವರು 1917ನೆಯ ಇಸವಿ ಫೆಬ್ರವರಿ 17ರಂದು ಗ್ವಾದಲಹಾರಾ ನಗರದಲ್ಲಿ ಜನಿಸಿದರು. ಅವರು ಇನ್ನೂ ಹಸುಳೆಯಾಗಿದ್ದಾಗಲೇ ಕುಟುಂಬವು ರಾಜಧಾನಿಯಾದ ಮೆಕ್ಸಿಕೊ ನಗರಕ್ಕೆ ಬಂದು ನೆಲೆಸಿತು. ಅಣ್ಣ ಹೋರ್ಹೆ ಮುಂದೆ ಹೆಸರಾಂತ ಚಿತ್ರಕಾರರಾದರು. ಆ ದೇಶದ ಸರಕಾರವು ಮಕ್ಕಳಿಗೆ ಉಚಿತವಾಗಿ ಹಂಚುವ ಪಠ್ಯಪುಸ್ತಕಗಳ ಮುಖಪುಟದಲ್ಲಿ 1962ರಿಂದ ಹಲವು ವರ್ಷ ಕಾಣಿಸಿಕೊಂಡ ಮಾತೃಭೂಮಿಯ ಚಿತ್ರ ಅವರದೇ. ಅಣ್ಣನ ಕೈಯಲ್ಲಿ ಬಣ್ಣ ಕುಂಚದಿಂದ ಹರಿದರೆ, ತಮ್ಮನು ಅದನ್ನು ವಿದ್ಯುತ್ತಿನ ಅಲೆಗಳ ಮೇಲೆ ಹರಿಸಿದನು.

ಬಾಲಕ ಗಿಯೆರ್ಮೊಗೆ ಆಟಿಕೆಗಳಿಗಿಂತ ತಂತಿ, ಬ್ಯಾಟರಿಗಳೇ ಪ್ರಿಯ. ಹನ್ನೆರಡನೆಯ ವಯಸ್ಸಿನಲ್ಲಿ ಆತನು ಹವ್ಯಾಸಿಗಳ ರೇಡಿಯೊ ಪ್ರಸಾರಯಂತ್ರವೊಂದನ್ನು ತಾನೇ ಜೋಡಿಸಿದನು. 1930ರಲ್ಲಿ ಯಂತ್ರ ಮತ್ತು ವಿದ್ಯುತ್ ಇಂಜಿನಿಯರಿಂಗ್ ಶಾಲೆಯನ್ನು ಸೇರಿದನು. ಎರಡು ವರ್ಷಗಳ ತರುವಾಯ ರೇಡಿಯೊ ಆಪರೇಟರ್ ಪರವಾನಗಿ ದೊರೆಯಿತು. ಹಗಲು ವ್ಯಾಸಂಗ, ಉಳಿದ ವೇಳೆ ಬಾನುಲಿ ಕೇಂದ್ರದಲ್ಲಿ ದುಡಿಮೆ, ರಾತ್ರಿ ಮನೆಯಲ್ಲಿ ಪ್ರಯೋಗ, ಹೀಗೆ ದಿನಗಳು ಸಾಗಿದವು. ದುಬಾರಿ ಸಲಕರಣೆ ಕೊಳ್ಳುವ ಶಕ್ತಿ ಇರಲಿಲ್ಲ. ಆದುದರಿಂದ ಆತನು ತೆಪಿತೊ, ಲಗುನಿಯಾ ಎಂಬ ಹಳೆಯ ಸಾಮಾನುಗಳ ಸಂತೆಗಳಲ್ಲಿ ಅಲೆದು, ಇತರರು ಬಿಸುಟ ರೇಡಿಯೊ ಭಾಗಗಳನ್ನು ಆಯ್ದು ತಂದನು. ಅವುಗಳಿಂದಲೇ 1934ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ದೂರದರ್ಶನದ ಕ್ಯಾಮರಾವೊಂದನ್ನು ಕಟ್ಟಿದನು.

ಆ ಕಾಲದ ದೂರದರ್ಶನದ ಚಿತ್ರ ಕೇವಲ ಕಪ್ಪು ಬಿಳುಪು. ಅದಕ್ಕೆ ಬಣ್ಣ ತುಂಬುವುದು ಹೇಗೆ? ಕಾಮರೇನಾ ಅವರು ಕಂಡುಕೊಂಡ ದಾರಿ ಸರಳವಾದುದು. ಕೆಂಪು, ಹಸಿರು, ನೀಲಿ ಗಾಜುಗಳುಳ್ಳ ಒಂದು ತಟ್ಟೆಯು ಕ್ಯಾಮರಾದ ಮುಂದೆ ವೇಗವಾಗಿ ತಿರುಗುತ್ತದೆ. ಕ್ಯಾಮರಾ ಒಂದಾದ ಮೇಲೊಂದರಂತೆ ಮೂರು ಬಣ್ಣಗಳ ಚಿತ್ರಗಳನ್ನು ಕಳುಹಿಸುತ್ತದೆ. ನೋಡುವವರ ಕಡೆಯಲ್ಲಿಯೂ ಅಂತಹುದೇ ತಟ್ಟೆ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ. ಮೂರು ಚಿತ್ರಗಳು ಕಣ್ಣಿಗೆ ಬೇರೆ ಬೇರೆಯಾಗಿ ತೋರದೆ ಒಂದೇ ವರ್ಣಚಿತ್ರವಾಗಿ ಬೆರೆಯುತ್ತವೆ. ಇದ್ದ ಕಪ್ಪು ಬಿಳುಪು ಯಂತ್ರಕ್ಕೇ ಇದನ್ನು ಅಳವಡಿಸಬಹುದೆಂಬುದು ಇದರ ವಿಶೇಷ. 1940ರಲ್ಲಿ ಅವರು ಸ್ವದೇಶದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1942ರ ಸೆಪ್ಟೆಂಬರ್ 15ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಪೇಟೆಂಟೂ ದೊರೆಯಿತು. ಆಗ ಅವರಿಗೆ ಇಪ್ಪತ್ತೈದು ವರ್ಷ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬಣ್ಣದ ದೂರದರ್ಶನವನ್ನು ಜಗತ್ತಿನಲ್ಲಿ ಮೊತ್ತಮೊದಲು ಕಂಡುಹಿಡಿದವರು ಇವರೇ ಎಂದು ಅಭಿಮಾನಿಗಳು ಹೇಳುವುದುಂಟು. ಅದು ಸರಿಯಲ್ಲ. ಬ್ರಿಟನ್ನಿನ ಜಾನ್ ಲೋಗಿ ಬೇರ್ಡ್ ಅವರು 1928ರಲ್ಲಿಯೇ ಬಣ್ಣದ ಚಿತ್ರವನ್ನು ಪ್ರದರ್ಶಿಸಿದ್ದರು. 1940ರಲ್ಲಿ ಅಮೆರಿಕದ ಪೀಟರ್ ಗೋಲ್ಡ್‌ಮಾರ್ಕ್ ಅವರು ತಿರುಗುವ ತಟ್ಟೆಯ ವಿಧಾನವನ್ನೇ ತೋರಿಸಿದ್ದರು. ಮುಂದೆ ಮನೆಮನೆಗೆ ಬಂದುದು 1953ರಲ್ಲಿ ಅಮೆರಿಕ ಒಪ್ಪಿಕೊಂಡ, ತಟ್ಟೆಯೇ ಬೇಡವಾದ ಬೇರೊಂದು ವಿಧಾನ. ಆದರೆ ಇದರಿಂದ ಕಾಮರೇನಾ ಅವರ ಹಿರಿಮೆ ಕುಂದುವುದಿಲ್ಲ. ದೊಡ್ಡ ಕಂಪೆನಿಗಳ ಹಣಬಲವಿಲ್ಲದೆ, ಗುಜರಿ ಸಾಮಾನಿನಿಂದ ಆರಂಭಿಸಿ, ಸ್ವಂತ ದುಡಿಮೆಯಿಂದ ಅವರು ಅದೇ ಎತ್ತರವನ್ನು ಮುಟ್ಟಿದರೆಂಬುದೇ ಸಾಲದೇ? ನಿಜವಾದ ಕೀರ್ತಿಗೆ ಉತ್ಪ್ರೇಕ್ಷೆಯ ಊರುಗೋಲು ಬೇಕಿಲ್ಲ. ಅವರು ಹಾಡನ್ನೂ ಕಟ್ಟಬಲ್ಲವರಾಗಿದ್ದರು. ‘ರಿಯೊ ಕೊಲೊರಾಡೊ’ ಎಂಬ ಅವರ ಗೀತೆಯ ಗೌರವಧನವೂ ಪ್ರಯೋಗಗಳಿಗೇ ವೆಚ್ಚವಾಯಿತು.

1946ರ ಆಗಸ್ಟ್ 31ರಂದು ಅವರು ತಮ್ಮ ಪ್ರಯೋಗಾಲಯದಿಂದ ಬಣ್ಣದ ಚಿತ್ರವನ್ನು ಯಶಸ್ವಿಯಾಗಿ ಪ್ರಸಾರ ಮಾಡಿದರು. ಒಂದು ವಾರದ ಬಳಿಕ ಅವರ ಪ್ರಾಯೋಗಿಕ ಕೇಂದ್ರವು ಆರಂಭವಾಗಿ, ಸುಮಾರು ಎರಡು ವರ್ಷ ಪ್ರತಿ ಶನಿವಾರ ಕಾರ್ಯಕ್ರಮ ನೀಡಿತು. 1947ರಲ್ಲಿ ಸರಕಾರವು ಅವರನ್ನೂ ಕವಿ ಸಾಲ್ವದೋರ್ ನೋವೊ ಅವರನ್ನೂ ಪರದೇಶಗಳಿಗೆ ಕಳುಹಿಸಿತು. ಬ್ರಿಟನ್ನಿನಂತೆ ದೂರದರ್ಶನವು ಸಾರ್ವಜನಿಕ ಸಂಸ್ಥೆಯ ಕೈಯಲ್ಲಿರಬೇಕೇ, ಅಮೆರಿಕದಂತೆ ಜಾಹೀರಾತಿನಿಂದ ನಡೆಯುವ ಖಾಸಗಿಯವರ ಕೈಯಲ್ಲಿರಬೇಕೇ ಎಂಬುದು ಆಗಿನ ಪ್ರಶ್ನೆ. ತಾಂತ್ರಿಕ ವಿಷಯವನ್ನು ಕಾಮರೇನಾ ಅವರು ಪರಿಶೀಲಿಸಿದರು. ಕೊನೆಗೆ ಸರಕಾರವು ಖಾಸಗಿ ಮಾರ್ಗವನ್ನೇ ಆರಿಸಿತು. 1950ರಲ್ಲಿ ನಾಲ್ಕನೆಯ ಚಾನೆಲ್, 1951ರಲ್ಲಿ ಎರಡನೆಯದು, 1952ರಲ್ಲಿ ಕಾಮರೇನಾ ಅವರದೇ ಆದ ಐದನೆಯ ಚಾನೆಲ್ ಆರಂಭವಾದವು. 1955ರಲ್ಲಿ ಮೂರೂ ಸೇರಿ ಒಂದೇ ಸಂಸ್ಥೆಯಾಯಿತು.

ವ್ಯಾಪಾರದ ಈ ಭರಾಟೆಯ ನಡುವೆಯೂ ದೂರದರ್ಶನವು ಕಲಿಸುವ ಸಾಧನವಾಗಬೇಕೆಂಬ ಅವರ ಹಂಬಲ ಬಾಡಲಿಲ್ಲ. 1940ರ ದಶಕದ ಕೊನೆಯಲ್ಲಿಯೇ ಅವರು ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಶಸ್ತ್ರಕ್ರಿಯೆಯನ್ನು ದೂರದರ್ಶನದ ಮೂಲಕ ತೋರಿಸಿದ್ದರು. ಮೇಜಿನ ಸುತ್ತ ನಿಂತ ನಾಲ್ಕಾರು ಮಂದಿಗೆ ಮಾತ್ರ ಕಾಣುತ್ತಿದ್ದುದು ಸಭೆಗೆಲ್ಲ ಕಾಣುವಂತಾಯಿತು. 1963ರಲ್ಲಿ ಐದನೆಯ ಚಾನೆಲ್ಲಿನಲ್ಲಿ ಬಣ್ಣದ ಪ್ರಸಾರ ಆರಂಭವಾದಾಗ ಅವರು ಆರಿಸಿದ್ದು ಮಕ್ಕಳ ಕಾರ್ಯಕ್ರಮವನ್ನು. ಬಣ್ಣದ ಪೆಟ್ಟಿಗೆ ಸಿರಿವಂತರ ಮನೆಯಲ್ಲಷ್ಟೇ ಉಳಿಯಬಾರದೆಂದು, ಮೂರರ ಬದಲು ಎರಡೇ ಬಣ್ಣಗಳಿಂದ ಚಿತ್ರ ಮೂಡಿಸುವ ಅಗ್ಗದ ವಿಧಾನವನ್ನೂ ರೂಪಿಸಿದರು. 1964ರಲ್ಲಿ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅದರ ಪ್ರದರ್ಶನ ನಡೆಯಿತು.

ಆದರೆ ವಿಧಿಯ ಎಣಿಕೆ ಬೇರೆಯಿತ್ತು. 1965ರ ಏಪ್ರಿಲ್ 18, ಈಸ್ಟರ್ ಹಬ್ಬದ ಭಾನುವಾರ. ವೆರಕ್ರೂಸ್ ರಾಜ್ಯದ ಬೆಟ್ಟವೊಂದರ ಮೇಲಿದ್ದ ಪ್ರಸಾರಯಂತ್ರವನ್ನು ಪರೀಕ್ಷಿಸಿ ಹಿಂದಿರುಗುವಾಗ ಮೋಟಾರು ಅಪಘಾತಕ್ಕೀಡಾಗಿ ಅವರು ಮೃತಪಟ್ಟರು. ಆಗ ಅವರಿಗೆ ಕೇವಲ ನಲವತ್ತೆಂಟು ವರ್ಷ. ಮೂರು ವರ್ಷಗಳ ಅನಂತರ, 1968ರಲ್ಲಿ, ಪ್ರೌಢಶಾಲೆಗಳಿಲ್ಲದ ಹಳ್ಳಿಗಳ ಮಕ್ಕಳಿಗೆ ದೂರದರ್ಶನದ ಮೂಲಕ ಪಾಠ ಹೇಳುವ ‘ತೆಲೆಸೆಕುಂದಾರಿಯಾ’ ಯೋಜನೆಯು ಆ ದೇಶದಲ್ಲಿ ಪ್ರಸಾರವನ್ನಾರಂಭಿಸಿತು. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಇಂದಿಗೂ ಐದನೆಯ ಚಾನೆಲ್ಲಿನ ಸಂಕೇತಾಕ್ಷರ ಎಕ್ಸ್‌ಎಚ್‌ಜಿಸಿ. ಅದರ ಕೊನೆಯ ಎರಡು ಅಕ್ಷರಗಳು ಗೊನ್ಸಾಲೆಸ್ ಕಾಮರೇನಾ ಎಂಬ ಹೆಸರಿನವು. ವಿದ್ಯಾರ್ಥಿಗಳೇ, ನಮ್ಮ ಶಾಲೆಯಲ್ಲಿ ಉಪಕರಣಗಳಿಲ್ಲ, ನಮ್ಮ ಊರು ಮೂಲೆಯಲ್ಲಿದೆ ಎಂದು ಕೊರಗುವ ಮುನ್ನ, ಗುಜರಿ ಸಂತೆಯಲ್ಲಿ ಬಾಗಿ ತಂತಿ ಹೆಕ್ಕುತ್ತಿದ್ದ ಆ ಹದಿನೇಳರ ಹುಡುಗನನ್ನು ಒಮ್ಮೆ ನೆನೆಯಿರಿ. ಅವನೂ ನಿಮ್ಮ ವಯಸ್ಸಿನವನೇ.