ವಸಾಯಿಯಲ್ಲಿ ಒತ್ತಿದ ಮುದ್ರೆ

ಕೊನೆಯ ಪೇಶ್ವೆಯಾದ ಎರಡನೆಯ ಬಾಜೀರಾಯನಿಗೆ ಮರಾಠಿ ಜನವು ‘ಪಳಪುಟಾ’, ಅಂದರೆ ಓಡಿಹೋಗುವವನು, ಎಂದು ಹೆಸರಿಟ್ಟಿತು. ಜನಾಭಿಪ್ರಾಯದ ಈ ತೀರ್ಪು ಕಠೋರವಾದುದು. ಆದರೆ ಆತನು ಓಡಿದುದಕ್ಕಿಂತ, ಓಡಿಹೋಗಿ ಮಾಡಿಕೊಂಡ ಒಡಂಬಡಿಕೆಯೇ ದೊಡ್ಡ ಅಪರಾಧವೆಂದು ನಾವು ಬಗೆಯುತ್ತೇವೆ.

1796ರಲ್ಲಿ ಗಾದಿಯೇರಿದ ಈತನು 1801ರಲ್ಲಿ ವಿಠೋಜಿ ಹೋಳಕರನನ್ನು ಆನೆಯ ಕಾಲಿಗೆ ಕಟ್ಟಿಸಿ ಕೊಲ್ಲಿಸಿದನು. ಮರುವರ್ಷದ ಅಕ್ಟೋಬರದಲ್ಲಿ ವಿಠೋಜಿಯ ಸಹೋದರ ಯಶವಂತರಾಯನು ಪುಣೆಯ ಬಳಿ ಪೇಶ್ವೆಯ ದಂಡನ್ನು ಮುರಿಯಲು, ಬಾಜೀರಾಯನು ಕೊಂಕಣಕ್ಕೆ ಓಡಿ ಆಂಗ್ಲರ ಮರೆಹೊಕ್ಕನು. 1802ರ ಡಿಸೆಂಬರ 31ರಂದು ವಸಾಯಿಯಲ್ಲಿ ಕರಾರಾಯಿತು. ಕಂಪನಿಯ ಆರು ಸಾವಿರ ಕಾಲಾಳುಗಳು ಪೇಶ್ವೆಯ ಸೀಮೆಯಲ್ಲಿ ಶಾಶ್ವತವಾಗಿ ಇರತಕ್ಕದ್ದು. ಅವರ ವೆಚ್ಚಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಪ್ರದೇಶವನ್ನು ಬಿಡತಕ್ಕದ್ದು. ಕಂಪನಿಯನ್ನು ಕೇಳದೆ ಪರರಾಜ್ಯಗಳೊಡನೆ ಮಾತುಕತೆ ಕೂಡದು. ಗಾದಿ ಉಳಿಯಿತು, ಸ್ವಾತಂತ್ರ್ಯವು ಹೋಯಿತು. ಮರಾಠಾ ಮಂಡಲದ ಆಧಾರಸ್ತಂಭಗಳಾಗಿದ್ದ ಸಿಂಧೆ, ಭೋಸಲೆಯರು ಇದನ್ನು ಒಪ್ಪದೆ 1803ರಲ್ಲಿ ಕಾದಿ ಸೋತರು.

1817ರ ಜೂನದಲ್ಲಿ ಪುಣೆಯಲ್ಲಾದ ಮತ್ತೊಂದು ಕರಾರಿನಿಂದ ನಮ್ಮ ಧಾರವಾಡವೂ ಕಂಪನಿಯ ಪಾಲಾಯಿತು. ಅಂದು ಇಲ್ಲಿಯ ಪ್ರಜೆಗಳನ್ನು ಯಾರು ಕೇಳಿದ್ದರು? ಬಾಜೀರಾಯನಿಗೆ ಎಚ್ಚರವಾದುದು ಆಮೇಲೆ. ನವೆಂಬರದಲ್ಲಿ ಖಡಕಿಯ ಕಾಳಗವಾಯಿತು. ಸೇನಾಪತಿ ಬಾಪೂ ಗೋಖಲೆಯು 1818ರ ಫೆಬ್ರುವರಿಯಲ್ಲಿ ಆಷ್ಟಿಯ ರಣದಲ್ಲಿ ಮಡಿದನು. ಪೇಶ್ವೆಯು ಮಾತ್ರ ಜೂನದಲ್ಲಿ ಮಾಲ್ಕಮ್ ಸಾಹೇಬನಿಗೆ ಶರಣಾಗಿ, ವರ್ಷಕ್ಕೆ 8 ಲಕ್ಷ ರೂಪಾಯಿಯ ವೇತನವನ್ನುಣ್ಣುತ್ತ, ಗಂಗಾತೀರದ ಬಿಠೂರಿನಲ್ಲಿ 1851ರವರೆಗೂ ಬಾಳಿದನು. ಆತನು ತೀರಿದೊಡನೆ ಕಂಪನಿಯು ಆ ವೇತನವನ್ನು ದತ್ತುಪುತ್ರ ನಾನಾಸಾಹೇಬನಿಗೆ ಮುಂದುವರಿಸಲು ನಿರಾಕರಿಸಿತು.